ಭಾನುವಾರ ಸ್ಪ್ಯಾನರ್ ಮುಟ್ಟುವಂತಿಲ್ಲ

ರಾತ್ರಿ ನಿಲ್ಲಿಸುವಾಗ ನೆಟ್ಟಗಿತ್ತು.
ಬೆಳಗಾಗಿ ನೋಡಿದರೆ
ಎಡಗಡೆ ಹಿಂದಿನ ಗಾಲಿಯ ಮೇಲೆ ಕುಂಡಿ ಊರಿ ಕೂತಿದೆ ರೇಂಜ್ ರೋವರ್,
ಏಳೆಂದರೆ ಏಳದ ಗಬ್ಬದ ಹಸು.

ಉಕ್ಕಿನ ಸ್ಪ್ರಿಂಗು ಒರಟು ಜನಕ್ಕೆ ಸಾಕು,
ದೊರೆಗಳು ಗಾಳಿಯ ಮೇಲೆ ಕೂರಲಿ
ಅಂತ ಯಾರಿಗೋ ಹೊಳೆದಿತ್ತು ಆಗ.
ನಾಲ್ಕು ಗಾಲಿಗೆ ನಾಲ್ಕು ರಬ್ಬರಿನ ಚೀಲ.
ರಬ್ಬರಿಗೂ ವಯಸ್ಸಾಗುತ್ತದೆ, ಸೀಳು ಬಿಡುತ್ತದೆ
ನನ್ನ ಹಿಮ್ಮಡಿಯ ಹಾಗೆ.

ಪಾತ್ರೆ ಸೋಪು ನೀರಲ್ಲಿ ಕದಡಿ
ಪೈಪಿನ ಸಂದುಗೊಂದಿಗೆಲ್ಲ ಸವರಿ
ಗೊಬ್ಬರದ ಚೀಲ ಹಾಸಿ ಅಡಿಯಲ್ಲಿ ಅಂಗಾತ ಮಲಗುತ್ತೇನೆ,
ಟಾರ್ಚು ಹಲ್ಲಲ್ಲಿ.
ಎಲ್ಲಿ ಗುಳ್ಳೆಯೋ ಅಲ್ಲಿ ಸೋರಿಕೆ; ಪಾಠ ಸುಲಭ.
ಆದರೆ ಇದು ಲೂಯಿಸ್ ದ್ವೀಪ.
ಅಟ್ಲಾಂಟಿಕ್ಕಿನಿಂದ ಅಡೆತಡೆಯಿಲ್ಲದೆ ಬರುವ ದೊಡ್ಡ ಗಾಳಿ
ನಾನು ಹುಡುಕುವ ಚಿಕ್ಕ ಗಾಳಿಯನ್ನು
ತೋರಗೊಡುವುದಿಲ್ಲ.

ಮೂರು ಟಗರಿನ ದುಡ್ಡಿಗೆ ಕೊಂಡೆ ಇದನ್ನು,
ಎಸ್ಟೇಟು ಹರಾಜಾದ ವರ್ಷ.
ಮುರ್ದೋ ಬಾನೆಟ್ಟಿನೊಳಗೆ ತಲೆ ಹಾಕಿ, ತೆಗೆದು, ಹೇಳಿದ:
"ಕೊಟ್ಟದ್ದು ಬೆಲೆಯಲ್ಲ ಡೊಲೀನಾ,
ಇನ್ನು ಕೊಡ್ತಾ ಹೋಗ್ತೀಯಲ್ಲ, ಅದು."
ಬಾಯಿ ಕೆಟ್ಟದ್ದು ಅವನದು. ಲೆಕ್ಕ ಸರಿ.

ಹೀಟರಿನ ರಬ್ಬರುಂಗುರ ಎರಡು, ಕಾಸಿನಷ್ಟು ಬೆಲೆ;
ಬದಲಿಸಲು ಅರ್ಧ ಡ್ಯಾಶ್‌ಬೋರ್ಡು ಬಿಚ್ಚಬೇಕು.
ಕಾರ್ಪೆಟ್ಟಿನ ಕೆಳಗೆ ಸಿಹಿ ವಾಸನೆಯ ಕೂಲಂಟು.
ಕಿಟಕಿ ತನಗೆ ತೋಚಿದಾಗ ಇಳಿಯುತ್ತದೆ.
ಕೀಲಿ ಆಗಾಗ ತನ್ನ ಗಾಡಿಯನ್ನೇ ಮರೆಯುತ್ತದೆ.
ಹಸಿರು ಅಕ್ಷರದಲ್ಲಿ, ಪಾದ್ರಿಯ ಗತ್ತಿನಲ್ಲಿ, ಎಚ್ಚರಿಕೆ:
ಮೂವತ್ತೈದು ಮೈಲಿ ಮೀರಬೇಡ.
ನಮ್ಮ ರಸ್ತೆಯಲ್ಲಿ ಮೀರುವವರು ಯಾರು, ಕುರಿ ಬಿಡಬೇಕಲ್ಲ.

ನನ್ನಪ್ಪ ಟೋರ್ಮೊಡ್ ಹನ್ನೊಂದು ಸೀಸನ್ನು
ಇದೇ ಬಾಗಿಲು ತೆರೆದ, ಮುಚ್ಚಿದ.
ಹೊಳೆ ಕಾಯುವವನು; ಕೂರುತ್ತಿದ್ದದ್ದು ಡಿಕ್ಕಿಯಲ್ಲಿ,
ಎರಡು ಒದ್ದೆ ನಾಯಿ, ಒಂದು ಸಾಲ್ಮನ್ ಮೀನಿನ ಜೊತೆ.
ಮನೆಗೆ ಬಂದು ಒಲೆಗೆ ಬೆನ್ನು ಕೊಟ್ಟು ಒಮ್ಮೆ ಅಂದಿದ್ದ:
"ಮುಂದಿನ ಸೀಟು ತಾನೇ ಬಿಸಿಯಾಗುತ್ತದಂತೆ."
ಅಂತೆ.
ಅಷ್ಟೇ ಅವನು ಆ ಸೀಟನ್ನು ಕಂಡದ್ದು.

ಅದಕ್ಕೋ ಏನೋ, ಎಲ್ಲ ರಿಪೇರಿ ಮಾಡಿದವಳು
ಅದೊಂದನ್ನು ಮುಟ್ಟಿರಲಿಲ್ಲ.
ಕಳೆದ ತಿಂಗಳು, ಬೇರೆ ಕೆಲಸ ತೋಚದ ಒಂದು ಸಂಜೆ, ಚರ್ಮ ಬಿಚ್ಚಿದೆ.
ಕೂದಲೆಳೆಯಂಥ ತಂತಿ ಒಂದು ಕಡೆ ಸುಟ್ಟು ತುಂಡಾಗಿತ್ತು.
ಬೆಸುಗೆ ಹಾಕಿದೆ. ಸ್ವಿಚ್ಚು ಒತ್ತಿ ಅಂಗೈ ಇಟ್ಟು ನೋಡಿದೆ.
ಕೂರಲಿಲ್ಲ.

ಭಾನುವಾರ ಇಲ್ಲಿ ದೇವರ ದಿನ.
ಬಟ್ಟೆ ಒಣಹಾಕುವಂತಿಲ್ಲ, ಸ್ಪ್ಯಾನರ್ ಮುಟ್ಟುವಂತಿಲ್ಲ.
ಇಗರ್ಜಿಯಲ್ಲಿ ಒಬ್ಬ ಸಾಲು ಎತ್ತಿಕೊಟ್ಟು
ನೂರು ದನಿ ಅದರ ಹಿಂದೆ ಹೊರಳಿ ಬರುವಾಗ
ನನ್ನ ಕಿವಿ ಮಾತ್ರ ಆರು ಮಿಲಿಮೀಟರ್ ಪೈಪಿನಲ್ಲಿ.
ಕ್ಷಮಿಸಬೇಕು.

ಆ ಮಧ್ಯಾಹ್ನವೇ, ಆಲಿಕಲ್ಲಿನಲ್ಲಿ,
ತಾಯಿ ಒದ್ದು ದೂಡಿದ ಮರಿ ಸಿಕ್ಕಿತು.
ಬಾಯೊಳಗೆ ಬೆರಳಿಟ್ಟರೆ ಮಂಜು.
ಕರುಣೆಯ ಕೆಲಸಕ್ಕೆ ದೇವರ ಅಡ್ಡಿಯಿಲ್ಲ.
ಎಡಕ್ಕೆ ವಾಲಿದ ಗಾಡಿಯಲ್ಲೇ ಎಗರೆಗರಿ
ಪೀಟ್ ಕಡಿದ ದಾರಿಗುಂಟ ಬಂದೆ,
ದೊರೆಯ ಸೀಟಿನಲ್ಲಿ ಮರಿ,
ಸ್ವಿಚ್ಚು ಕೊನೆಯ ಅಂಕಕ್ಕೆ.
ಮೊದಲು ಉಣ್ಣೆಯಿಂದ ಹಬೆ ಎದ್ದಿತು.
ಆಮೇಲೆ ಒಂದು ಕಿವಿ.
ಸೇತುವೆ ದಾಟುವಾಗ
ಆ ಕೆನೆಬಣ್ಣದ ಚರ್ಮದ ಮೇಲೆ ಧಾರಾಳ ಉಚ್ಚೆ ಹೊಯ್ದು
ಬದುಕಿತು.

ಸೋಮವಾರ, ಗಾಳಿ ಏಳುವ ಮುಂಚೆ ಎದ್ದು ಗುಳ್ಳೆ ಹಿಡಿದೆ,
ಮೀನಿನ ಕಣ್ಣಿನಷ್ಟು.
ಪೈಪಿನ ತುದಿ ಕತ್ತರಿಸಿ ಮತ್ತೆ ಒತ್ತಿ ಕೂರಿಸಿದೆ.
ಎಂಜಿನ್ನು ಹಾಕಿದರೆ ನಿಧಾನ ಎದ್ದಿತು,
ಮೊದಲು ಹಿಂಭಾಗ, ಆಮೇಲೆ ಮುಂಭಾಗ,
ಥೇಟು ಹಸು.

ಮಂಗಳವಾರ ಬೆಳಿಗ್ಗೆ
ಬಲಗಡೆ.