ಎಮ್ಮೆಗೆ ಬರೆ

ಅಡಿಲೇಡಿನಿಂದ ಹೊರಟು
ಸ್ಪೆನ್ಸರ್ ಕೊಲ್ಲಿ ದಾಟಿ
ಲೋಲಿ ಭೂಶಿರದ ದೀಪಸ್ತಂಭ ಕಂಡದ್ದೇ
ನಿಂತುಬಿಡುತ್ತದೆ ಆಕಾಶ.

ಬಿದ್ದದ್ದಲ್ಲ, ಉರಿದದ್ದಲ್ಲ.
ರೆಕ್ಕೆ ಚಾಚಿಕೊಂಡೇ ನಿಂತ ವಿಮಾನ,
ಒಂದೇ ಸ್ವರಕ್ಕೆ ಜೋತುಬಿದ್ದ ಎಂಜಿನ್ನು,
ಆಮೇಲೆ ಪರದೆಯ ಬರೀ ನೀಲಿ,
ಅದರ ಮೂಲೆಯಲ್ಲಿ ನಾನಿನ್ನೂ ಕಟ್ಟದ ಕರೆಂಟು ಬಿಲ್ಲು.

ಹನ್ನೊಂದು ರಾತ್ರಿ. ಹನ್ನೊಂದು ಸಲವೂ ಅಲ್ಲೇ.

ಮೊದಲು ಮೋಡಗಳ ಮೇಲೆ ಅನುಮಾನ,
ಹದಿನೆಂಟು ಡಾಲರು ಕೊಟ್ಟು ಕೊಂಡ ಮೋಡಗಳು.
ಕಿತ್ತೆ. ಬೋಳು ಬಾನಿನಲ್ಲಿ ಹೋದೆ, ನಿಂತಿತು.
ಅಲೆಗಳನ್ನು ಕಿತ್ತೆ, ನಿಂತಿತು.
ಗಗನಸಖಿಯ ದನಿ ಕಿತ್ತೆ,
ಬೆಲ್ಟು ಕಟ್ಟಿಕೋ ಅನ್ನಲೂ ಯಾರಿಲ್ಲದೆ ಹೋದೆ,
ನಿಂತಿತು.

ಉಳಿದದ್ದು ವಯಾಲಾ, ನನ್ನದೇ ಊರಿನ ನಿಲ್ದಾಣ.
ಟಾಸ್ಮೇನಿಯಾದ ಡೆಸ್ಮಂಡ್ ಪಿಕರಿಂಗ್ ಎಂಬಾತ
ವರ್ಷವಿಡೀ ಕೂತು ಕಟ್ಟಿ ಪುಕ್ಕಟೆ ಹಂಚಿದ್ದು.
ಉಕ್ಕಿನ ಕಾರ್ಖಾನೆಯ ಕೆಂಪು ದೂಳನ್ನೂ ಬಿಡದೆ
ಹ್ಯಾಂಗರಿನ ಬಾಗಿಲಿಗೆ ಮೆತ್ತಿದ್ದ ಪುಣ್ಯಾತ್ಮ.

ಅವನಿಗೆ ಬರೆದೆ. ಬರೆದೆನೋ, ಬರೆ ಹಾಕಿದೆನೋ.
'ಬರದಿದ್ದರೆ ಮಾಡಬೇಡಿ ಸ್ವಾಮಿ' ಎಂಬರ್ಥದ ಎರಡು ಪುಟ.
ಮರುದಿನ ಅವನು ಊರನ್ನೇ ಹಿಂದಕ್ಕೆ ತೆಗೆದುಕೊಂಡ:
'ನೋಡುತ್ತೇನೆ. ಕಣ್ಣು ಮೊದಲಿನಂತಿಲ್ಲ.'

ನನ್ನ ಕಸುಬು ಎಕ್ಸ್‌ರೇ ತೆಗೆಯುವುದು.
ಆ ಗುರುವಾರ ಕೊವಾಚ್ ಮುದುಕ ಮಂಡಿ ಹಿಡಿದುಕೊಂಡು ಬಂದ.
ಮಂಡಿ ಚೊಕ್ಕ. ಸವೆದದ್ದು ಸೊಂಟದ ಕೀಲು.
'ನೋಯುವ ಜಾಗವೇ ಕೆಟ್ಟಿರಬೇಕೆಂದೇನಿಲ್ಲ'
ಡಾಕ್ಟರು ಹೇಳಿದ್ದು ಅವನಿಗೆ,
ಕೇಳಿಸಿದ್ದು ಗೋಡೆಯಾಚೆ ಸೀಸದ ಏಪ್ರನ್ ಕಳಚುತ್ತಿದ್ದ ನನಗೆ.

ರಾತ್ರಿ ಸ್ಕ್ರೂಡ್ರೈವರ್ ಹಿಡಿದೆ.
ಪೆಟ್ಟಿಗೆಯ ಪಕ್ಕೆ ಕಳಚಿದರೆ
ನೆನಪಿನ ಪಟ್ಟಿಗಳು ನಾಲ್ಕು, ನಾಲ್ಕನೆಯದರ ಬುಡದಲ್ಲಿ
ಕೆಂಪು ದೂಳು.
ಪಿಕರಿಂಗ್ ಬಳಿದದ್ದಲ್ಲ. ಅಸಲಿ.
ಸೆಕೆಯೆಂದು ನಾನೇ ತೆರೆದಿಟ್ಟ ಕಿಟಕಿಯಿಂದ ಬಂದದ್ದು.

ಊರು ಹತ್ತಿರವಾದಂತೆ ನೆನಪು ತುಂಬುತ್ತದಲ್ಲ,
ಕೊನೆಯ ಪಟ್ಟಿಗೆ ಕರೆ ಹೋಗುವುದೇ ಆಗ.
ಎತ್ತಿಗೆ ಜ್ವರ.

ಮೇಕಪ್ ಕುಂಚದಿಂದ ಗುಡಿಸಿ,
ಪಟ್ಟಿಯನ್ನು ಟಕ್ ಅನ್ನುವವರೆಗೆ ಒತ್ತಿ,
ಉಳಿಸಿಕೊಂಡಿದ್ದ ಹಳೆಯ ಪ್ರತಿ ಹಾಕಿ ಹೊರಟೆ.
ದೀಪಸ್ತಂಭ ಬಂತು. ಉಸಿರು ಹಿಡಿದೆ.
ದೀಪಸ್ತಂಭ ಹೋಯಿತು.
ಚಕ್ರ ನೆಲ ಮುಟ್ಟಿದಾಗ ಗಂಟೆ ಒಂದೂವರೆ,
ಅಡುಗೆಮನೆಯಲ್ಲಿ ಫ್ರಿಜ್ಜು ಒಂದೇ ಎಚ್ಚರ.

ಕ್ಷಮೆ ಕೇಳಲು ಮೂರು ಸಲ ಶುರುಮಾಡಿ
ಕೊನೆಗೆ ನಾಲ್ಕು ಸಾಲು ಕಳಿಸಿದೆ.
ಉತ್ತರದಲ್ಲಿ ಕ್ಷಮೆಯ ಸುದ್ದಿಯೇ ಇಲ್ಲ:
'ಬೇಲಿಯ ಹತ್ತಿರ ಒಂದು ನಾಯಿ ಇಟ್ಟಿದ್ದೆ.
ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ.
ನೀವು ನೋಡಿದಿರಾ?'

ಮತ್ತೆ ಇಳಿದೆ.
ಟರ್ಮಿನಲ್ ದಾಟಿ, ಪೆಟ್ರೋಲಿನ ಟ್ಯಾಂಕು ದಾಟಿ,
ನಡೆಯುವ ವೇಗದಲ್ಲಿ ಬೇಲಿಯವರೆಗೆ.

ಕೂತಿದೆ.
ಬೆನ್ನೆಲ್ಲ ಕೆಂಪು ದೂಳು.