ಒಂದು ಸೆಂಟಿನ ಸುಳ್ಳು

ನವೆಂಬರಿನ ಕೊನೆಗೆ ತಾರ್ತುವಿನಲ್ಲಿ ನಾಲ್ಕಕ್ಕೇ ಕತ್ತಲು.
ಶಿಶುವಿಹಾರದ ಗೇಟಿನಲ್ಲಿ ಮಕ್ಕಳ ಮುಖ ಕಾಣುವುದಿಲ್ಲ,
ಕೋಟಿಗೆ ತೂಗುಬಿದ್ದ ಗೂಬೆಗಳು ಕಾಣುತ್ತವೆ.
ಅಂಗೈಗಿಂತ ಚಿಕ್ಕವು, ಪ್ಲಾಸ್ಟಿಕ್ಕಿನವು,
ಹೊಟ್ಟೆ ಒತ್ತಿದರೆ ಕಣ್ಣು ಮಿಟುಕಿಸುವವು.
ಬ್ಯಾಂಕಿನವರು ಹಂಚಿದ್ದು, ಪುಕ್ಕಟೆ,
ಲಾರಿಯ ಕೆಳಗೆ ಬೀಳುವ ಮೊದಲು
ಲಾರಿಯವನ ಕಣ್ಣಿಗೆ ಬೀಳಲಿ ಎಂದು.

ಕೈರಿತ್‌ಗೆ ಗೊತ್ತಾದದ್ದು ಸದ್ದಿನಿಂದ.
ಅಡುಗೆಮನೆಯ ನೆಲಕ್ಕೆ ಟಣ್ ಎಂದು ಬಿದ್ದು
ಏನೋ ಉರುಳಿಹೋಯಿತು.
ಉಕುವಿನ ಗೂಬೆಯ ಬೆನ್ನು ತೆರೆದಿತ್ತು.
ಅಂಗಿಯ ಗುಂಡಿಯಷ್ಟು ಬ್ಯಾಟರಿ ಬಿಲ್ಲೆ,
ಅದರ ಹಿಂದೆ ಲೋರೆ, ಒಂಬತ್ತು ತಿಂಗಳು,
ಅಂಬೆಗಾಲಿಕ್ಕಿ ಹೊರಟಿದ್ದಳು
ಬಾಯಿ ಆಗಲೇ ತೆರೆದುಕೊಂಡು.
ಕೈರಿತ್ ಮೊದಲು ಮುಟ್ಟಿದಳು.
ನಡೆದದ್ದು ಇಷ್ಟೇ.
ನಡೆಯದೇ ಹೋದದ್ದನ್ನು ಯಾರಿಗೆ ದೂರುವುದು?

ಕೊಟ್ಟ ಕುದುರೆಯ ಬಾಯಿ ನೋಡಬಾರದು, ಅಂದಳು ಅತ್ತೆ.
ನಮ್ಮ ಕಡೆಯಾದರೆ ದಾನದ ಹಸುವಿನ ಹಲ್ಲು ಎನ್ನುತ್ತಾರೆ;
ಯಾವ ದೇಶದಲ್ಲಾದರೂ ಬಿಟ್ಟಿ ಬಂದ ಪ್ರಾಣಿ
ಬಾಯಿ ಮುಚ್ಚಿಕೊಂಡೇ ಬರುತ್ತದೆ.
ಕೈರಿತ್ ನೋಡುತ್ತಿದ್ದುದು ಕುದುರೆಯ ಬಾಯಿಯನ್ನಲ್ಲ.

ಇಲಾಖೆಯ ನಮೂನೆ ಕೇಳಿತು: ಕೊಂಡ ದಿನಾಂಕ.
ಕೊಂಡಿಲ್ಲ.
ಕೊಂಡ ಅಂಗಡಿ.
ನೀಲಿ ಸ್ಕಾರ್ಫಿನ ಹುಡುಗಿ, ಪೆಟ್ಟಿಗೆಯಿಂದ ತೆಗೆದು ಕೊಟ್ಟಳು, ನಗುತ್ತ.
ಬೆಲೆ.
ಸೊನ್ನೆ ಎಂದು ಬರೆದಳು.
ಸೊನ್ನೆಯನ್ನು ನಮೂನೆ ಒಪ್ಪಲಿಲ್ಲ, ಚೌಕ ಕೆಂಪಗಾಯಿತು.
ಒಂದು ಸೆಂಟ್ ಎಂದು ಬರೆದಳು. ಹಸಿರಾಯಿತು.
ಅವಳ ದೂರಿನಲ್ಲಿ ಸುಳ್ಳೆಂಬುದು ಅಷ್ಟೇ,
ಒಂದು ಸೆಂಟಿನದು.

ಬ್ಯಾಂಕಿನ ಫೋನಿನಲ್ಲಿ ಗಂಡು ದನಿ, ಬಲು ಮೃದು:
ಬೇಡವಾದರೆ ಬಿಸಾಡಿಬಿಡಿ ಮೇಡಂ, ಉಚಿತವಲ್ಲವೇ.
ನನ್ನದನ್ನು ಬಿಸಾಡುತ್ತೇನೆ. ಉಳಿದ ಆರು ಸಾವಿರ?
ದನಿ ಸ್ವಲ್ಪ ಹೊತ್ತು ಪಿಯಾನೋ ಆಯಿತು,
ಆಮೇಲೆ ಏನೂ ಆಗಲಿಲ್ಲ.

ಹದಿನಾರು ದಿನ. ಅಷ್ಟರಲ್ಲಿ ಅವಳು
ಶಿಶುವಿಹಾರದ ಗೂಟಗಳ ಮುಂದೆ ನಿಂತು
ಕೋಟುಗಳನ್ನು ಎಣಿಸಿದ್ದಳು, ಬೆನ್ನು ಸಡಿಲಾದ ಗೂಬೆಗಳು ಏಳು,
ಹೊಟ್ಟೆ ಖಾಲಿಯಾದದ್ದು ಒಂದು.
ಆ ಒಂದರ ಬಿಲ್ಲೆ ಎಲ್ಲಿ ಹೋಯಿತೆಂದು
ಯಾರಿಗೂ ಗೊತ್ತಿರಲಿಲ್ಲ.
ಆ ರಾತ್ರಿ ಅವಳು ಮಲಗಲಿಲ್ಲ.
(ಸೋಫಾದ ಸಂದಿಯಲ್ಲಿ ಸಿಕ್ಕಿತು, ಬೆಳಗ್ಗೆ, ಬೇರೆಯವರ ಮನೆಯಲ್ಲಿ.)

ತಾಲಿನ್ನಿನಿಂದ ಊರ್ಮಾಸ್ ಎಂಬಾತ ಬಂದ,
ಬೂಟು ಬಾಗಿಲಲ್ಲೇ ಬಿಟ್ಟು, ಕಾಲುಚೀಲದಲ್ಲಿ ತೂತು.
ಚೀಲದಿಂದ ತೆಗೆದದ್ದು ಒಂದು ಲೋಹದ ಕೊಳವೆ, ಓರೆ ತಳದ್ದು;
ಸಕ್ಕರೆ ಡಬ್ಬಿಯ ಪಕ್ಕ ಇಟ್ಟು
ಇದು ಮೂರು ವರ್ಷದೊಳಗಿನ ಮಗುವಿನ ಗಂಟಲು, ಅಂದ,
ಇದು ಉಪ್ಪು ಎನ್ನುವ ಹಾಗೆ.
ಬಿಲ್ಲೆಯನ್ನು ಅದರೊಳಗೆ ಬಿಟ್ಟ.
ಟಣ್.
ಅದೇ ಸದ್ದು. ಲೋರೆ ತಿರುಗಿ ನೋಡಿದಳು.
ಒಂದು ಸ್ಕ್ರೂ ಇರಬೇಕಿತ್ತು ಇಲ್ಲಿ, ಎಂದು ಬರೆದುಕೊಂಡ,
ಒಂದೇ ಒಂದು ಸ್ಕ್ರೂ.
ಕಾಫಿ ಬೇಡವೆಂದ. ಆಮೇಲೆ ಎರಡು ಕಪ್ ಕುಡಿದ.

ಬ್ಯಾಂಕಿನ ಪತ್ರದಲ್ಲಿ ಮುಂಜಾಗ್ರತೆ ಎಂಬ ಪದ ಮೂರು ಸಲ ಇತ್ತು,
ದೋಷ ಎಂಬುದು ಎಲ್ಲೂ ಇರಲಿಲ್ಲ.
ಗೂಬೆಗಳನ್ನು ಬಕೆಟ್ಟಿಗೆ ಸುರಿದರು.
ತಳದಲ್ಲಿ ಯಾವುದೋ ಒಂದು
ಅವುಚಿಕೊಂಡು ಇನ್ನೂ ಮಿಟುಕಿಸುತ್ತಿತ್ತು.
ನಿನ್ನಿಂದ ನನ್ನ ಮಗ ರಾತ್ರಿಯೆಲ್ಲ ಅತ್ತ, ಅಂದಳು
ಗೇಟಿನ ಕತ್ತಲಲ್ಲಿ ಮುಖ ಕಾಣದ ಒಬ್ಬ ತಾಯಿ.
ಅಳಲಿ, ಅಂದುಕೊಂಡಳು ಕೈರಿತ್,
ಅಳುವ ಗಂಟಲು ನೆಟ್ಟಗಿದೆ.

ಗಂಡ ರಸ್ತೆ ಕೆಲಸಕ್ಕೆ ಹಾಕುತ್ತಿದ್ದ ಹಳೇ ಜಾಕೆಟ್ಟಿನಿಂದ
ಬೆಳ್ಳಿಪಟ್ಟಿ ಕತ್ತರಿಸಿ
ಉಕುವಿನ ತೋಳಿಗೆ ಹೊಲಿದಳು.
ಡಾಂಬರಿನ ವಾಸನೆ ಹೋಗಿರಲಿಲ್ಲ.
ಇದು ಕಣ್ಣು ಮಿಟುಕಿಸಲ್ಲ, ಅಂದ ಉಕು.
ಇಲ್ಲ. ಯಾರಾದರೂ ಬೆಳಕು ಬಿಟ್ಟರೆ ವಾಪಸು ಕೊಡುತ್ತೆ, ಅಷ್ಟೇ.
ದಾರವನ್ನು ಹಲ್ಲಿನಿಂದ ಕಡಿದು
ಸೂಜಿ ಎಲ್ಲಿಟ್ಟೆನೆಂದು
ಎರಡು ಸಲ ನೋಡಿಕೊಂಡಳು.