ಕಪ್ಪು ಒಣಗಲಿ

ಮೂರು ದಿನವಾಯಿತು, ಕಪ್ಪು ಇನ್ನೂ ಒಣಗಿಲ್ಲ.
ಸಿದ್ದಾಪುರದ ಮಂಜಿಗೆ ಫೆವಿಕಾಲು ಕೂಡ ಸೋಮಾರಿ.
ಹೇರ್ ಡ್ರೈಯರ್ ಹಿಡಿದು ಕೂತಿದ್ದೇನೆ,
ನೆಗಡಿಯಾದ ಮಗುವಿನ ತಲೆ ಒಣಗಿಸುವವಳ ಹಾಗೆ.
ಮಡಿಕೇರಿಯ ಹೋಮ್‌ಸ್ಟೇ ದೇವಯ್ಯನವರದು ದಿನಾ ಫೋನು:
"ಟೀಚರ್, ಪುತ್ತರಿಗೆ ಮುಂಚೆ ಸಿಗುತ್ತದಲ್ಲ, ಪಟಾಕಿ ಚಿತ್ರ?
ಖುಷಿಯಾಗಿರಲಿ. ನಮ್ಮ ಸೋಫಾ ಕೆಂಪು."

ನಾಲ್ಕಡಿ ಅಗಲ, ಮೂರಡಿ ಎತ್ತರ.
ತಳಕ್ಕೆ ಗೋಡೆಯ ಪುಟ್ಟಿ,
ಹಸಿಯಿರುವಾಗಲೇ ಹಲ್ಲು ಮುರಿದ ಬಾಚಣಿಗೆಯಿಂದ
ನಡುವಿನಿಂದ ಹೊರಕ್ಕೆ, ಹೊರಕ್ಕೆ ಎಳೆದ ಗೀರು.
ಮೇಲೆ ಕಾಫಿಯ ಚರಟ, ಭತ್ತದ ಹೊಟ್ಟು,
ಉಗುರು ನೋಯುವಷ್ಟು ಬಿಡಿಸಿದ ಗೋಣಿಯ ನಾರು.
ಹೋದ ವರ್ಷದ ಮೆಣಸಿನ ಗೊಂಚಲ ಒಣಕಡ್ಡಿಗಳನ್ನು
ಯಾಕೆ ಎತ್ತಿಟ್ಟಿದ್ದೆನೋ, ಈಗ ತಿಳಿಯಿತು:
ಏರಿ, ಸಿಡಿದು, ಸುಸ್ತಾಗಿ ಬಾಗುವ ಬೆಳಕಿಗೆ
ಇದಕ್ಕಿಂತ ಒಳ್ಳೆಯ ಮೂಳೆ ಸಿಕ್ಕದು.
ಒಂದೊಂದನ್ನೇ ಅಂಟಿಸಿ ಹಳದಿ ಬಳಿದೆ, ತುದಿಗೆ ಕಿತ್ತಳೆ.
ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿ ಚಿಮ್ಮಿಸಿದೆ,
ಅರ್ಧ ಚಿತ್ರಕ್ಕೆ, ಅರ್ಧ ನನ್ನ ಕನ್ನಡಕಕ್ಕೆ.

ಸುಟ್ಟ ಪಟಾಕಿಯ ಕಾಗದ ಬೇಕೆಂದು ಕುಳಿಯನಿಗೆ ಹೇಳಿದ್ದೆ.
ಆನೆ ಓಡಿಸುವ ಜೀಪಿನ ಹಿಂದೆ ನಿಲ್ಲುವವನು.
ಅವನ ಮಗಳು ಚೋಮಿ ನನ್ನ ಕ್ಲಾಸಿನಲ್ಲಿ
ಆಕಾಶಕ್ಕೆ ಯಾವತ್ತೂ ಜಾಗ ಬಿಡದೆ ಮರ ಬರೆಯುವವಳು.
ಅಕ್ಕಿಚೀಲದ ತುಂಬ ತಂದ: ಸುರುಳಿ, ಚಿಂದಿ, ಮದ್ದಿನ ಕಮಟು.
ಬಾಗಿಲಲ್ಲೇ ನಿಂತು ನೋಡಿದ, ಬಹಳ ಹೊತ್ತು.

"ಇದು ಮೇಲಕ್ಕೆ ಹೋಗೋದು," ಅಂದ. "ನಮ್ಮದು ನೆಲದಲ್ಲೇ.
ಮೊದಲನೇದಕ್ಕೆ ಓಡ್ತದೆ. ಎರಡನೇದಕ್ಕೆ ನಿಲ್ತದೆ.
ಆ ಮುದುಕಿ ಹೆಣ್ಣಾನೆ ಇದೆಯಲ್ಲ, ಅದಕ್ಕೆ ಗೊತ್ತು,
ಬರೇ ಶಬ್ದ ಅಂತ. ಕದಿರು ಬಾಯಲ್ಲಿಟ್ಟುಕೊಂಡೇ
ತಿರುಗಿ ನೋಡ್ತದೆ."

ಬೆಳಕು ಹೇಗಿರುತ್ತದೆ ಕುಳಿಯಾ, ಎಂದೆ.
"ಬೆಳಕು ಯಾರು ನೋಡ್ತಾರೆ, ಟೀಚರೇ?
ಒಡೆದ ಮೇಲೆ ಕಣ್ಣು ಕಟ್ತದೆ. ಅದೇ ಕಷ್ಟ.
ಆಗ ಕತ್ತಲೆ ದಪ್ಪ ಆಗ್ತದೆ. ಅದರೊಳಗೆ ಎಲ್ಲೋ
ಕಾಫಿಗಿಡದ ರೆಕ್ಕೆ ಮುರೀತದೆ.
ಎಷ್ಟು ದೂರ ಅಂತ ಮೂಗು ಹೇಳಬೇಕು."
ಬಲಗೈಯನ್ನು ಜೇಬಿಗೆ ಹಾಕಿಕೊಂಡ.
ಅದರಲ್ಲಿ ಮೂರೇ ಬೆರಳು. ಬತ್ತಿ ಗಿಡ್ಡವಿತ್ತಂತೆ.
ಅಷ್ಟೇ ಅವನು ಎಂದಾದರೂ ಹೇಳಿದ್ದು.

ಅವನು ಹೋದ ಮೇಲೆ ನನ್ನ ಕಪ್ಪನ್ನು ನೋಡಿದೆ:
ತೆಳ್ಳಗೆ, ನೀರುನೀರಾಗಿ, ಅಂಗಡಿಯ ಕಪ್ಪು,
ಬಣ್ಣಗಳು ಕೂರಲೆಂದು ಹಾಸಿದ ಚಾಪೆ.
ಇದರೊಳಗೆ ಯಾರೂ ನಿಂತಿರಲಾರರು.
ಚೂರಿ ತೆಗೆದು ಕೆರೆದೆ. ಎರಡು ಬಾಣ ಹೋದವು. ಹೋಗಲಿ.

ಮಾರನೇ ದಿನ ಚೋಮಿ ತೇಗದ ಎಲೆಯಲ್ಲಿ ಏನೋ ಕಟ್ಟಿ ತಂದಳು:
ಸಿಲ್ವರ್ ಓಕಿನ ಕಾಂಡದಿಂದ ಕಿತ್ತ ಒಣಕೆಸರು,
ಆನೆ ಮೈ ಉಜ್ಜಿದ ಜಾಗದ್ದು.
"ಅಪ್ಪನ ತಲೆಗಿಂತ ಮೇಲಿತ್ತು," ಎಂದಳು, ತುದಿಗಾಲಲ್ಲಿ ನಿಂತು ಕೈಯೆತ್ತಿ.
ಹೆಕ್ಕಳೆಯಲ್ಲೊಂದು ರೋಮ, ತಂತಿಯಂತೆ ಗಡುಸು.

ಪುಡಿ ಮಾಡಲಿಲ್ಲ. ಅಂಟಿನಲ್ಲಿ ಒತ್ತಿ ಕೂರಿಸಿದೆ,
ಬಲಗಡೆ ಕೆಳಗೆ, ಎಲ್ಲ ಕಿಡಿಗಳಿಂದ ದೂರ.
ಅದರ ಮೇಲೆ ಸುಟ್ಟ ಕಾಗದ, ಚರಟ,
ಮತ್ತೆ ಕಪ್ಪು, ಮತ್ತೆ.

ಪುತ್ತರಿಯ ರಾತ್ರಿ ಪೊನ್ನಕ್ಕನ ಮನೆಯವರ ಗದ್ದೆಯಲ್ಲಿ
ಕೋವಿ ಢಂ ಎಂದಿತು, ಕದಿರು ಕುಯ್ದರು,
ಪೊಲಿ ಪೊಲಿ ದೇವಾ ಎಂಬ ಕೂಗಿನ ಮೇಲೆ ಬಾಣ ಹಾರಿತು.
ಎಲ್ಲರೂ ಕತ್ತೆತ್ತಿದರು.
ನಾನು ಕಣ್ಣು ಕಟ್ಟುವುದನ್ನು ಕಾದೆ.
ಅಷ್ಟು ಹುಣ್ಣಿಮೆಯಲ್ಲೂ ಒಂದು ಚಣ ಕತ್ತಲೆ ದಪ್ಪಗಾಯಿತು.
ತೋಡಿನಾಚೆ ಏನೋ ಉಸಿರಾಡಿತು.
ಎಮ್ಮೆಯಿರಬಹುದು.

ಚಿತ್ರ ಹೋದದ್ದು ಒಂದು ವಾರ ತಡವಾಗಿ.
ಕೆಂಪು ಸೋಫಾದ ಮೇಲೆ ನೇತುಹಾಕಿ, ಹಿಂದೆ ಸರಿದು,
"ಚೆನ್ನಾಗಿದೆ," ಎಂದರು ದೇವಯ್ಯ.
"ಈ ಮೂಲೆ ಯಾಕೆ ಹೀಗೆ ಉಬ್ಬಿದೆ?"
ಬೆರಳು ಚಾಚಿದರು.

"ಮುಟ್ಟಬೇಡಿ," ಎಂದೆ.
"ಇನ್ನೂ ಒಣಗಿಲ್ಲ."